ಹಂದಿ ಬೇಟೆಗೆ ಎರಡು ದೊಡ್ಡ ಗಾಳಿಕೋವಿ: ಹದಕ್ಕೆ ತರುವುದು ಹೇಗೆ?

ಪ್ರಶ್ನೆ, ಆಸ್ಟಿನ್‌ನಿಂದ

ಟೆಕ್ಸಾಸ್‌ನ ಕನ್ನಡಿಗರಲ್ಲಿ ದೊಡ್ಡ ಗಾಳಿಕೋವಿ ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಅನುಭವ ಹೇಳಿ. ನಿವೃತ್ತರಾದ ಸಹೋದ್ಯೋಗಿಯೊಬ್ಬರಿಂದ ಎರಡನ್ನು ಒಟ್ಟಿಗೆ ಕೊಂಡೆ. ಒಂದರ ನಳಿಗೆ 0.357 ಇಂಚಿನದು, ಇನ್ನೊಂದರದ್ದು 0.457. ಎರಡಕ್ಕೂ ಸಿಲಿಂಡರಿನಿಂದ ಗಾಳಿ ತುಂಬಬೇಕು, ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಇಲ್ಲ. ಲಾನೊ ಕಡೆಯ ಜಮೀನುದಾರರೊಬ್ಬರು ಹಂದಿ ಹೊಡೆಯಲು ಬನ್ನಿ ಎಂದು ಕರೆದಿದ್ದಾರೆ. ನವೆಂಬರ್‌ನಲ್ಲಿ ಜಿಂಕೆಗೂ ಹೋಗುವ ಆಸೆಯಿದೆ.

ಚಿಕ್ಕದು 75 ಗಜದಲ್ಲಿ ಮೊದಲ ಮೂರು ಗುಂಡುಗಳನ್ನು ಹತ್ತಿರ ಹತ್ತಿರ ಕೂರಿಸುತ್ತದೆ, ನಾಲ್ಕನೆಯದು ಎರಡು ಇಂಚು ಕೆಳಗೆ ಬೀಳುತ್ತದೆ. ದೊಡ್ಡದರ ಕಥೆ ಬೇರೆ. 50 ಗಜದಲ್ಲೇ ಮದುವೆ ಮನೆಯ ಅಕ್ಷತೆಯ ಹಾಗೆ ಆರು ಇಂಚು ಚೆಲ್ಲುತ್ತದೆ. ತಯಾರಕರು ಹೇಳಿದ ಗಾಳಿಯೊತ್ತಡದ ಮಿತಿಯಾದ 3600 ಪಿಎಸ್‌ಐವರೆಗೆ ಗಾಳಿ ತುಂಬಿದೆ, ಗಾಳಿಯ ವಾಲ್ವನ್ನು ಬಡಿದು ತೆರೆಯುವ ಹ್ಯಾಮರಿನ ಸ್ಪ್ರಿಂಗ್ ಬಿಗಿ ಮಾಡಿದೆ, ಸ್ಕೋಪ್ ಬದಲಿಸಿದೆ. ಸದ್ದು ಹೆಚ್ಚಾಯಿತೇ ಹೊರತು ಗುರಿ ಸುಧಾರಿಸಲಿಲ್ಲ.

ಹ್ಯೂಸ್ಟನ್‌ನಿಂದ

ಮೂರನ್ನೂ ಒಟ್ಟಿಗೆ ಬದಲಿಸಿದ್ದೀರಿ, ಈಗ ಯಾವುದು ಏನು ಮಾಡಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಸ್ಪ್ರಿಂಗನ್ನು ಮೊದಲಿದ್ದ ಜಾಗಕ್ಕೆ ತನ್ನಿ, ಆಮೇಲೆ ಒಂದು ಕ್ರೋನೋಗ್ರಾಫ್ ಕೊಳ್ಳಿ. ಗುಂಡಿನ ವೇಗ ಅಳೆಯುವ ಆ ಯಂತ್ರ ಕೈಯಲ್ಲಿಲ್ಲದೆ ಗಾಳಿಕೋವಿಯ ಒಂದು ಸ್ಕ್ರೂವನ್ನೂ ಮುಟ್ಟಬೇಡಿ.

ನಾನು ವಿರಾಜಪೇಟೆ ಕಡೆಯವನು, ಕೋವಿಯ ನಡುವೆಯೇ ಬೆಳೆದವನು. ಆದರೂ ಗಾಳಿಕೋವಿ ಕೈಗೆ ಬಂದಾಗ ಒಂದು ವರ್ಷ ಮೂರ್ಖನಾಗಿದ್ದೆ. ಕೇಪಿನ ಕೋವಿಗೆ ಪ್ರತಿ ಈಡಿಗೂ ಮದ್ದನ್ನು ಅಳೆದು ತುಂಬುತ್ತೇವೆ. ಗಾಳಿಕೋವಿಯಲ್ಲಿ ಹಾಗಲ್ಲ, ಮೊದಲ ಈಡು ಎರಡನೆಯದರ ಮದ್ದಿನಲ್ಲಿ ಸ್ವಲ್ಪವನ್ನು ತಿಂದುಬಿಟ್ಟಿರುತ್ತದೆ, ಎರಡನೆಯದು ಮೂರನೆಯದರದ್ದನ್ನು. ಇಷ್ಟು ತಲೆಗೆ ಹೋದರೆ ಉಳಿದದ್ದು ಲೆಕ್ಕ.

ನನ್ನ 0.357ಕ್ಕೆ 3000 ಪಿಎಸ್‌ಐ ತುಂಬಿ 145 ಗ್ರೇನ್ ತೂಕದ ಗುಂಡು ಹಾರಿಸಿದಾಗ ಬಂದ ವೇಗ ಸೆಕೆಂಡಿಗೆ 862, 851, 834, 811 ಅಡಿ. ಗ್ರೇನ್ ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಿದರೆ ಶಕ್ತಿ ಅಡಿ-ಪೌಂಡ್‌ನಲ್ಲಿ ಸಿಗುತ್ತದೆ: 239, 233, 224, 212. ಈಗ ಟೆಕ್ಸಾಸ್ ವನ್ಯಜೀವಿ ಇಲಾಖೆಯ ನಿಯಮ ನೋಡಿ. ಜಿಂಕೆಗೆ ಬಳಸುವ ಗಾಳಿಕೋವಿಯ ಗುಂಡು ಕನಿಷ್ಠ 0.30 ಇಂಚಿನದಾಗಿರಬೇಕು. ಜೊತೆಗೆ 150 ಗ್ರೇನ್ ತೂಕವೂ 800 ಅಡಿ ವೇಗವೂ ಇರಬೇಕು, ಇಲ್ಲವೇ ತೂಕ ಎಷ್ಟೇ ಇದ್ದರೂ 215 ಅಡಿ-ಪೌಂಡ್ ಶಕ್ತಿ ಬರಬೇಕು. ನನ್ನ ಗುಂಡು ತೂಕದಲ್ಲಿ ಐದು ಗ್ರೇನ್ ಕಡಿಮೆ, ಹಾಗಾಗಿ ಶಕ್ತಿಯೇ ಗತಿ. ನಾಲ್ಕನೆಯ ಈಡು 212! ಅದು ಕಾನೂನಿನ ಹೊರಗೆ. ನಿಮ್ಮ ಕಾಗದದ ಮೇಲೆ ಎರಡು ಇಂಚು ಕೆಳಗೆ ಬಿದ್ದ ನಾಲ್ಕನೆಯ ತೂತು ಇದನ್ನೇ ಹೇಳುತ್ತಿದೆ. ನಿಮ್ಮ ಚಿಕ್ಕ ಕೋವಿ ಕೆಟ್ಟಿಲ್ಲ, ಅದು ಮೂರು ಈಡಿನ ಕೋವಿ, ಅಷ್ಟೇ. ಹಂದಿಗೂ ನಾನು ಇದೇ ಗೆರೆ ಇಟ್ಟುಕೊಂಡಿದ್ದೇನೆ.

ಗಾಳಿ ಹೆಚ್ಚು ತುಂಬಿದಷ್ಟೂ ವೇಗ ಹೆಚ್ಚುತ್ತದೆ ಎಂಬುದು ಎಲ್ಲರೂ ಒಮ್ಮೆ ಬೀಳುವ ಗುಂಡಿ. ಒಳಗಿನ ಗಾಳಿಯೇ ವಾಲ್ವನ್ನು ಒತ್ತಿ ಮುಚ್ಚಿ ಹಿಡಿದಿರುತ್ತದೆ. ಹ್ಯಾಮರ್ ಅದನ್ನು ಬಡಿದು ತೆರೆಯಬೇಕು. ಒತ್ತಡ ಮಿತಿಮೀರಿದರೆ ವಾಲ್ವ್ ಅರೆಬರೆ ತೆರೆದು ಮುಚ್ಚಿಕೊಳ್ಳುತ್ತದೆ. ನನ್ನ 0.457ಕ್ಕೆ 3600 ತುಂಬಿ 350 ಗ್ರೇನ್ ಗುಂಡು ಹಾರಿಸಿದಾಗ ಮೊದಲ ಈಡು 712, ಎರಡನೆಯದು 748, ಮೂರನೆಯದು 751, ನಾಲ್ಕನೆಯದು 728. ಎರಡನೆಯ ಈಡಿಗೆ ಮೊದಲು ಮಾಪಕ 3250 ತೋರಿಸುತ್ತಿತ್ತು. ಅಂದಿನಿಂದ 3250ಕ್ಕೇ ನಿಲ್ಲಿಸುತ್ತೇನೆ. ಮೊದಲ ಎರಡು ಈಡು ಒಂದೇ ವೇಗದಲ್ಲಿ ಹೋಗುತ್ತವೆ, ಸಿಲಿಂಡರಿನ ಗಾಳಿಯೂ ಉಳಿಯುತ್ತದೆ.

ಇಷ್ಟಾದ ಮೇಲೆ ಸ್ಪ್ರಿಂಗ್. ಒಮ್ಮೆಗೆ ಕಾಲು ಸುತ್ತು ಮಾತ್ರ. ಪ್ರತಿ ಕಾಲು ಸುತ್ತಿಗೂ ಅಷ್ಟೇ ಗಾಳಿ ತುಂಬಿ, ಮೂರು ಈಡು ಹಾರಿಸಿ, ಬರೆದುಕೊಳ್ಳಿ. ಒಂದು ಹಂತದಲ್ಲಿ ವೇಗ ಏರುವುದು ನಿಂತು ಸದ್ದು ಮಾತ್ರ ಏರುತ್ತದೆ. ಗುಂಡು ನಳಿಗೆ ದಾಟಿದ ಮೇಲೂ ವಾಲ್ವ್ ಗಾಳಿ ಕಾರುತ್ತಿದೆ ಎಂದರ್ಥ. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಕಿವಿಗೆ ರಕ್ಷಣೆ ಬೇಕೇ ಬೇಕು, ಗಾಳಿಕೋವಿ ತಾನೇ ಎಂದು ನಾನು ಬಿಟ್ಟು ಎರಡು ದಿನ ಕಿವಿ ಗುಯ್ಯೆನ್ನುತ್ತಿತ್ತು.

ಫೋರ್ಟ್ ವರ್ತ್‌ನಿಂದ

ಮೇಲಿನವರು ಚಿಕ್ಕ ಕೋವಿಯ ಲೆಕ್ಕ ಚುಕ್ತಾ ಮಾಡಿದರು. ದೊಡ್ಡದರ ಆರು ಇಂಚಿಗೆ ಮಾತ್ರ ವೇಗ ಕಾರಣವಲ್ಲ. 50 ಗಜದಲ್ಲಿ ನಲವತ್ತು ಅಡಿ ವೇಗದ ವ್ಯತ್ಯಾಸ ಒಂದು ಇಂಚಿನಷ್ಟು ಮೇಲೆ ಕೆಳಗೆ ಮಾಡಬಹುದು, ಎಡಬಲಕ್ಕೆ ಚೆಲ್ಲುವುದಿಲ್ಲ. ಕಾಗದದ ತೂತುಗಳನ್ನು ಹತ್ತಿರದಿಂದ ನೋಡಿ. ದುಂಡಗಿವೆಯೇ, ಕೀಲಿ ತೂತಿನ ಹಾಗೆ ಉದ್ದಗಿವೆಯೇ? ಉದ್ದಗಿದ್ದರೆ ಗುಂಡು ಪಲ್ಟಿ ಹೊಡೆಯುತ್ತಾ ಹೋಗುತ್ತಿದೆ.

ನಾನು ಲೇತ್ ಕೆಲಸದವನು, ಪೆಟ್ಟಿಗೆಯ ಮೇಲೆ ಬರೆದ ಅಳತೆಯನ್ನು ನಂಬುವುದಿಲ್ಲ. ಕೋವಿಯ ಗಾಳಿಯನ್ನು ಪೂರ್ತಿ ಖಾಲಿ ಮಾಡಿ. ನಳಿಗೆಗಿಂತ ಕೂದಲೆಳೆ ದಪ್ಪಗಿರುವ ಶುದ್ಧ ಸೀಸದ ಗುಂಡನ್ನು ಹಿತ್ತಾಳೆ ಕಡ್ಡಿಯಿಂದ ನಿಧಾನವಾಗಿ ತಳ್ಳಿ ಆಚೆ ಬರಿಸಿ. ಗುಂಡನ್ನು ತಿರುಗಿಸಲೆಂದು ನಳಿಗೆಯ ಒಳಗೆ ಕೊರೆದ ಸುರುಳಿ ತೋಡುಗಳು ಸೀಸದ ಮೇಲೆ ಏಣುಗಳಾಗಿ ಅಚ್ಚೊತ್ತಿರುತ್ತವೆ. ಎದುರುಬದುರು ಏಣುಗಳ ನಡುವಿನ ಅಳತೆಯನ್ನು ಮೈಕ್ರೋಮೀಟರ್‌ನಲ್ಲಿ ತೆಗೆಯಿರಿ. ಗುಂಡು ಅಷ್ಟೇ ಇರಬೇಕು, ಇಲ್ಲವೇ ಸಾವಿರದಲ್ಲೊಂದು ಇಂಚು ಹೆಚ್ಚಿರಬೇಕು. ಕಡಿಮೆ ಇದ್ದರೆ ಗಾಳಿ ಪಕ್ಕದಿಂದ ನುಸುಳುತ್ತದೆ, ಗುಂಡು ಸುರುಳಿಯನ್ನು ಕಚ್ಚುವುದಿಲ್ಲ. ಮದ್ದಿನ ಕೋವಿಯಲ್ಲಿ ಸ್ಫೋಟದ ಒತ್ತಡವೇ ಸೀಸವನ್ನು ಹಿಗ್ಗಿಸಿ ಆ ಸಂದನ್ನು ಮುಚ್ಚುತ್ತದೆ, ನಮ್ಮ ಮೂರು ಸಾವಿರ ಪಿಎಸ್‌ಐಗೆ ಅಷ್ಟು ತಾಕತ್ತಿಲ್ಲ. ತವರ ಬೆರೆಸಿದ ಗಟ್ಟಿ ಸೀಸ ಬೇಡ, ಉಗುರಿನಲ್ಲಿ ಗೀರಿದರೆ ಗೆರೆ ಬೀಳುವಂತಿರಬೇಕು.

ಇನ್ನೊಂದು, ಗುಂಡಿನ ಉದ್ದ. ಭಾರದ ಆಸೆಗೆ ಉದ್ದದ ಗುಂಡು ಹಾಕಿದರೆ ನಳಿಗೆಯ ತಿರುವು ಅದನ್ನು ತಿರುಗಿಸಲು ಸಾಲದೆ ಹೋಗಬಹುದು. 1879ರ ಗ್ರೀನ್‌ಹಿಲ್ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಒಂದು ಇಂಚು ಉದ್ದದ 0.457 ಗುಂಡಿಗೆ ಸುಮಾರು 31 ಇಂಚಿಗೊಂದು ಸುತ್ತು ಸಾಕು.

ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ. ಸಣ್ಣ ಗಾಳಿಕೋವಿಗೆಂದು ಮಾರುವ ತಗಡಿನ ಪೆಟ್ಟಿಗೆಯನ್ನು ಈ ಗುಂಡು ಹಪ್ಪಳ ಮಾಡುತ್ತದೆ.

ಸ್ಯಾನ್ ಆಂಟೋನಿಯೊದಿಂದ

ಗಾಳಿ ಸೋರುವುದರ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯ ಕೋವಿ ತಾನೇ, ರಾತ್ರಿ ತುಂಬಿಟ್ಟು ಬೆಳಿಗ್ಗೆ ಮಾಪಕ ನೋಡಿ. ಇಳಿದಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ, ಬಹುತೇಕ ಸಂದು ಮುಚ್ಚುವ ರಬ್ಬರಿನ ಬಳೆ, ಓ-ರಿಂಗ್, ಒಣಗಿರುತ್ತದೆ. ಬದಲಿಸುವಾಗ ಸಿಲಿಕೋನ್ ಗ್ರೀಸ್ ಮಾತ್ರ ಬಳಸಿ. ನನ್ನದಕ್ಕೆ ಅಂಗಡಿಯವನೊಬ್ಬ ಸಾಮಾನ್ಯ ಗ್ರೀಸ್ ಹಚ್ಚಿ ಕೊಟ್ಟಿದ್ದ. ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಹುದು, ಸದ್ಯ ತುಂಬುವ ಮೊದಲೇ ವಾಸನೆ ಹಿಡಿದೆ. ಆಮ್ಲಜನಕದ ಸಿಲಿಂಡರಿನಿಂದಂತೂ ಯಾವತ್ತೂ ತುಂಬಬೇಡಿ. ಕಾರ್ಬನ್ ಫೈಬರ್ ಸಿಲಿಂಡರ್ ಕೊಂಡರೆ ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಿದೆಯೇ ಎಂದು ಮುದ್ರೆ ನೋಡಿ.

ಮೂಡಿಗೆರೆಯಿಂದ

ಗಾಳಿಕೋವಿಯಲ್ಲಿ ಹಂದಿಯೇ? ನಮ್ಮಲ್ಲಿ ಜಾತ್ರೆಯಲ್ಲಿ ಬಲೂನು ಹೊಡೆಯುವುದು ಅದರಲ್ಲಿ. ನಿಜವಾಗಿ ಬೀಳುವುದಾದರೆ ಬರುವಾಗ ಒಂದು ತನ್ನಿ, ತೋಟ ಪೂರ್ತಿ ಗುಂಡಿ ತೋಡಿವೆ.

ಹ್ಯೂಸ್ಟನ್‌ನಿಂದ

ತರುವ ಮಾತು ಬೇಡ ಅಣ್ಣ. ಅಲ್ಲಿ ಪರವಾನಗಿಯಿಲ್ಲದೆ ಸಿಗುವ ಗಾಳಿಕೋವಿಯ ಶಕ್ತಿ 20 ಜೂಲ್ ಮೀರುವಂತಿಲ್ಲ, ನನ್ನ ದೊಡ್ಡದು 590 ಜೂಲ್ ದಾಟುತ್ತದೆ. 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ನಾವು ಕೊಡವರಿಗೆ ಕೋವಿಗೆ ವಿನಾಯಿತಿ ಇದೆ, ಬೇಟೆಗಿಲ್ಲ. ಬಲೂನಿನ ವಿಷಯಕ್ಕೆ ಬಂದರೆ, 1780ರ ದಶಕದಲ್ಲಿ ಆಸ್ಟ್ರಿಯಾದ ಸೈನ್ಯದಲ್ಲಿ ಜಿರಾಂಡೋನಿ ಎಂಬ ಗಾಳಿಕೋವಿ ಇತ್ತು. ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಅಮೆರಿಕದ ಪಶ್ಚಿಮಕ್ಕೆ ಹೊರಟಾಗಲೂ ಒಂದು ಗಾಳಿಕೋವಿ ಜೊತೆಗಿತ್ತು.

ಹಂದಿ ಬೀಳುವುದೇನೋ ಬೀಳುತ್ತದೆ, ಆದರೆ ಮದ್ದಿನ ಕೋವಿಯ ಹಾಗೆ ಹೊಡೆತದ ಆಘಾತಕ್ಕಲ್ಲ. ಬಾಣ ತಾಗಿದ ಹಾಗೆ ರಕ್ತ ಸೋರಿ ಬೀಳುತ್ತದೆ. ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ತಗ್ಗಿನಲ್ಲಿ ಗುರಿ ಇಡಬೇಕು. 50 ಗಜದಾಚೆ ನಾನು ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ. 50ಕ್ಕೆ ಹೊಂದಿಸಿದ ನನ್ನ 0.457 ನೂರು ಗಜದಲ್ಲಿ ಒಂದೂಕಾಲು ಅಡಿ ಕೆಳಗೆ ಹೊಡೆಯುತ್ತದೆ. ದೂರದ ಅಂದಾಜು ಹತ್ತು ಗಜ ತಪ್ಪಿದರೆ ಹೊಟ್ಟೆಗೆ ತಾಗಿದ ಹಂದಿಯನ್ನು ಕತ್ತಲಲ್ಲಿ ಹುಡುಕಬೇಕು.

ಆಸ್ಟಿನ್‌ನಿಂದ, ಮೂರು ವಾರದ ನಂತರ

ನಳಿಗೆ ಅಳೆದೆ: 0.4585. ನಾನು ಹಾಕುತ್ತಿದ್ದದ್ದು 0.457ರ ಗುಂಡು, ಗಟ್ಟಿ ಸೀಸದ್ದು. ತೂತುಗಳಲ್ಲಿ ಅರ್ಧಕ್ಕರ್ಧ ಉದ್ದಗಿದ್ದವು, ನಾನು ಕಾಗದ ಹರಿದಿದೆ ಎಂದುಕೊಂಡಿದ್ದೆ. 0.459ರ ಮೆದು ಸೀಸದ ಗುಂಡು ತರಿಸಿ, ಸ್ಪ್ರಿಂಗ್ ಹಿಂದಕ್ಕೆ ತಂದು, 3200ಕ್ಕೆ ತುಂಬಿ ಹೊಡೆದೆ. 50 ಗಜದಲ್ಲಿ ಐದು ಗುಂಡು ಒಂದೂವರೆ ಇಂಚಿನೊಳಗೆ. ಎರಡು ಈಡಿಗೊಮ್ಮೆ ಗಾಳಿ ತುಂಬುವುದು ಬೇಜಾರಿನ ಕೆಲಸ, ಆದರೂ ಆಗಲಿ. ಚಿಕ್ಕದು ನನ್ನಲ್ಲೂ ನಾಲ್ಕನೆಯದಕ್ಕೆ 209 ಅಡಿ-ಪೌಂಡ್‌ಗೆ ಇಳಿಯಿತು. ಅದರ ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ 3 ಎಂದು ಬರೆದಿದ್ದೇನೆ. ಹಳೆಯ ಸ್ಕೋಪಿನಲ್ಲಿ ದೋಷವೇ ಇರಲಿಲ್ಲ, ಹೊಸದಕ್ಕೆ ಸುರಿದ ದುಡ್ಡಿನ ಬಗ್ಗೆ ಮನೆಯಲ್ಲಿ ಇನ್ನೂ ಹೇಳಿಲ್ಲ.

ಶನಿವಾರ ಲಾನೊಗೆ ಹೊರಟಿದ್ದೇವೆ. ಕಾಡುಹಂದಿಗೆ ಮನುಷ್ಯರಿಗೂ ಹರಡುವ ಬ್ರೂಸೆಲ್ಲಾ ಸೋಂಕು ಇರಬಹುದಾದ್ದರಿಂದ ಕೈಗವಸು ಪೆಟ್ಟಿಗೆಗಟ್ಟಲೆ ಕೊಂಡಾಯಿತು. ಹ್ಯೂಸ್ಟನ್‌ನವರೇ, ನಿಮ್ಮ ಬಳಿ ಹಂದಿ ಸಾರಿಗೆ ಹಾಕುವ ಹುಳಿ, ಕಾಚಂಪುಳಿ, ಇದ್ದರೆ ಒಂದು ಸಣ್ಣ ಬಾಟಲಿ ಎತ್ತಿಡಿ.