ಪದಚರ್ಚೆ: ಕಾಲಿನ್ಸನ್‌ನನ್ನು ‘ಪೋಷಕ’ ಎನ್ನಬಹುದೇ?

ಗೆಳೆಯರೇ,

ಜಾನ್ ಬಾರ್ಟ್ರಮ್ (1699–1777) ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಪೇಟ್ರನ್’ (ಹಣ, ನೆರವು ಕೊಟ್ಟು ಬೆಳೆಸುವವನು) ಎನ್ನುವ ಇಂಗ್ಲಿಷ್ ಪದಕ್ಕೆ ಕನ್ನಡ ಸಿಗದೆ ನಿಂತಿದ್ದೇನೆ. ಸಂದರ್ಭ ಹೇಳಿದರೆ ತೊಡಕು ಗೊತ್ತಾಗುತ್ತದೆ.

ಬಾರ್ಟ್ರಮ್ ಅಮೆರಿಕದ ಫಿಲಡೆಲ್ಫಿಯಾ ಹತ್ತಿರದ ರೈತ. ಸುಗ್ಗಿ ಮುಗಿಸಿ ಕಾಡು ಸುತ್ತುತ್ತಿದ್ದ. ಬೀಜ, ಗಿಡ, ಕೀಟ, ಆಮೆ, ಕಣಜದ ಗೂಡು ಹೀಗೆ ಸಿಕ್ಕಿದ್ದನ್ನೆಲ್ಲ ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್ಸನ್‌ಗೆ ಹಡಗಿನಲ್ಲಿ ಕಳಿಸುತ್ತಿದ್ದ. 1730ರ ದಶಕದಲ್ಲಿ ಶುರುವಾದ ಈ ನಂಟು 1768ರಲ್ಲಿ ಕಾಲಿನ್ಸನ್ ತೀರಿಕೊಳ್ಳುವವರೆಗೂ ಉಳಿಯಿತು. ಇಬ್ಬರೂ ಒಮ್ಮೆಯೂ ಮುಖ ನೋಡಿದವರಲ್ಲ! ಸುಮಾರು 100 ಬಗೆಯ ಬೀಜ ತುಂಬಿದ ಪೆಟ್ಟಿಗೆಗೆ 5 ಗಿನಿ (ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ಬೆಲೆ. ಕೊಳ್ಳುತ್ತಿದ್ದವರಲ್ಲಿ ತೋಟದ ಹುಚ್ಚಿನ ಇಂಗ್ಲಿಷ್ ಶ್ರೀಮಂತರೇ ಜಾಸ್ತಿ. ಅವರನ್ನು ಹುಡುಕಿ, ಹಣ ವಸೂಲು ಮಾಡಿ, ಪೆಟ್ಟಿಗೆ ತಲುಪಿಸುತ್ತಿದ್ದವನು ಕಾಲಿನ್ಸನ್.

ಈಗ ಇವನನ್ನು ಏನೆಂದು ಕರೆಯೋಣ? ‘ಪೋಷಕ’ ಎಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಶಾಲೆಯ ಪೋಷಕರ ಸಭೆ, ಆಮೇಲೆ ಪೋಷಕ ನಟ. ‘ಆಶ್ರಯದಾತ’ ಎಂದರೆ ಪಂಪನಿಗೆ ಅರಿಕೇಸರಿ ಇದ್ದ ಹಾಗೆ ಆಗುತ್ತದೆ. ಬಾರ್ಟ್ರಮ್ ಯಾರ ಆಶ್ರಯದಲ್ಲೂ ಇರಲಿಲ್ಲ. ಸ್ವಂತ ಹೊಲ, ಸ್ವಂತ ತೋಟ, ತುಂಬು ಸಂಸಾರ ಇದ್ದವನು. ‘ಧಣಿ’ ಅಂತೂ ಬೇಡವೇ ಬೇಡ. 1765ರಿಂದ ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆ ಬಾರ್ಟ್ರಮ್‌ಗೆ ವರ್ಷಕ್ಕೆ 50 ಪೌಂಡ್ ಕೊಡತೊಡಗಿದ. ಅಲ್ಲಿ ‘ರಾಜಾಶ್ರಯ’ ಸರಿಹೋಗುತ್ತದೆ, ಅನುಮಾನವಿಲ್ಲ. ಪೆಟ್ಟಿಗೆ ಕೊಂಡವರಿಗೆ ‘ವಂತಿಗೆದಾರರು’ ಎಂದು ಬರೆದಿದ್ದೇನೆ. ಹಳ್ಳಿಯಲ್ಲಿ ಜಾತ್ರೆಗೆ ವಂತಿಗೆ ಎತ್ತುವುದು ಇನ್ನೂ ಬಳಕೆಯಲ್ಲಿದೆ, ಅಲ್ವಾ? ಕಾಲಿನ್ಸನ್‌ಗೆ ಮಾತ್ರ ಪದ ಸಿಕ್ಕಿಲ್ಲ. ಅವನು ಬರೀ ದಲ್ಲಾಳಿಯಲ್ಲ. ಪುಸ್ತಕ ಕಳಿಸಿದ, ಏನನ್ನು ಹುಡುಕಬೇಕೆಂದು ಕಾಗದ ಬರೆದ, ಬಾರ್ಟ್ರಮ್‌ನ ಹೆಸರನ್ನು ಯೂರೋಪಿನ ಪಂಡಿತರಿಗೆ ಮುಟ್ಟಿಸಿದ. ‘ಬೆಂಬಲಿಗ’ ಎಂದರೆ ಚುನಾವಣೆಯ ವಾಸನೆ ಬರುತ್ತದೆ. ‘ಒತ್ತಾಸೆಯಾಗಿ ನಿಂತವನು’ ಎಂದು ಬಿಡಿಸಿ ಬರೆಯುವುದೇ ವಾಸಿ ಎಂದು ನನಗೆ ಅನಿಸುತ್ತದೆ. ಆದರೆ ಪದೇ ಪದೇ ಬರುವಾಗ ಅದು ಉದ್ದವಾಗುತ್ತದೆ.

ಇನ್ನೊಂದು, ‘ಸ್ಪೆಸಿಮನ್’. ಬಾರ್ಟ್ರಮ್ ಗಿಡದ ರೆಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ನಂಬರು ಹಾಕಿ ಕಳಿಸುತ್ತಿದ್ದ. ಅದೇ ನಂಬರಿನ ಜೋಡಿಯನ್ನು ತಾನು ಇಟ್ಟುಕೊಳ್ಳುತ್ತಿದ್ದ. ಲಂಡನ್ನಿನಿಂದ ನಂಬರಿನ ಮುಂದೆ ಗಿಡದ ಹೆಸರು ಬರೆದು ಬರುತ್ತಿತ್ತು. ಎಷ್ಟು ಚೆಂದದ ಏರ್ಪಾಡು! ಇದಕ್ಕೆ ‘ಮಾದರಿ’ ಎಂದು ಬರೆದರೆ ಮಕ್ಕಳು ಮಾದರಿ ಪ್ರಶ್ನೆಪತ್ರಿಕೆಯ ಕಡೆ ಹೋಗುತ್ತಾರೆ. ‘ನಮೂನೆ’ ಎಂದರೆ ಅರ್ಜಿ ನಮೂನೆ. ‘ಒಣಗಿಡ’ ಎಂದರೆ ಒಣಗಿ ಸತ್ತ ಗಿಡ ಎಂದಾದೀತು. ಸಸ್ಯಶಾಸ್ತ್ರ ಕಲಿಸುವವರು ಇಲ್ಲಿದ್ದರೆ, ತರಗತಿಯಲ್ಲಿ ಕನ್ನಡದಲ್ಲಿ ಏನು ಹೇಳುತ್ತೀರಿ? ಸುಮ್ನೆ ‘ಸ್ಪೆಸಿಮನ್’ ಎಂದೇ ಉಳಿಸಿಕೊಳ್ಳಲೇ?