ಜೀಗುಜ್ಜೆ ತರ್ಲಿಕ್ಕೆ ಹೋದ ಹಡಗಿನವರು ಪಿಟ್‌ಕೇರ್ನ್ ದ್ವೀಪದಲ್ಲಿ ಕೂತದ್ದು ಯಾಕೆ?

ಕಾಪು ಬೀಚ್ ಹುಡುಗ:
ಮೊನ್ನೆ ಅಮ್ಮ ಜೀಗುಜ್ಜೆ (ದೀವಿ ಹಲಸು, ಬ್ರೆಡ್‌ಫ್ರೂಟ್) ಪೋಡಿ, ಅಂದ್ರೆ ಬಜ್ಜಿ ಮಾಡಿದ್ರು, ತಿನ್ತಾ ತಿನ್ತಾ ಇದು ಎಲ್ಲಿಂದ ಬಂದದ್ದು ಅಂತ ಮೊಬೈಲಲ್ಲಿ ನೋಡ್ಲಿಕ್ಕೆ ಹೋಗಿ ಎಲ್ಲಿಗೋ ಮುಟ್ಟಿದೆ ಮಾರಾಯ್ರೆ. ಪೆಸಿಫಿಕ್ ಸಮುದ್ರದಲ್ಲಿ ಪಿಟ್‌ಕೇರ್ನ್ ಅಂತ ಸಣ್ಣ ದ್ವೀಪ ಉಂಟಂತೆ, ಐವತ್ತಕ್ಕೂ ಕಡಿಮೆ ಜನ, ಹೆಚ್ಚಿನವರು ಬೌಂಟಿ ಅಂತ ಒಂದೇ ಹಡಗಿನವರ ಸಂತಾನ, ಆ ಹಡಗು ಹೊರಟದ್ದೇ ಜೀಗುಜ್ಜೆಗೆ ಅಂತೆ. ನಿಜವಾ? ನಾಲ್ಕು ಬೀಜ ತಂದ್ರೆ ಮುಗೀತಿತ್ತಲ್ಲ, ಅದಕ್ಕೆ ಹಡಗು ಎಂತಕ್ಕೆ?

ತೋಟದ ಮನೆ ಭಟ್ರು:
ಬೀಜವಾ? ನೀವು ತಿಂದ ಪೋಡಿಯಲ್ಲಿ ಬೀಜ ಸಿಕ್ಕಿತಾ? ಒಳ್ಳೆ ಜಾತಿ ಜೀಗುಜ್ಜೆಗೆ ಬೀಜ ಇಲ್ಲ, ಬೇರಿಂದ ಎದ್ದ ಗಿಡವನ್ನೇ ಕಿತ್ತು ನಡಬೇಕು. ಹಾಗಾಗಿ ಕ್ಯಾಪ್ಟನ್ ಬ್ಲೈ ತನ್ನ ದೊಡ್ಡ ಕ್ಯಾಬಿನ್ನನ್ನೇ ನರ್ಸರಿ ಮಾಡಿ, ಪೆಸಿಫಿಕ್‌ನ ತಹೀತಿ ದ್ವೀಪದಲ್ಲಿ ಐದು ತಿಂಗಳು ಕೂತು ಸಾವಿರಕ್ಕೂ ಹೆಚ್ಚು ಗಿಡ ಕುಂಡದಲ್ಲಿ ತುಂಬಿಸಿದ್ದು. ಯಾರಿಗೆ ಅಂದ್ರೆ ವೆಸ್ಟ್ ಇಂಡೀಸ್ ಕಬ್ಬಿನ ತೋಟದ ಗುಲಾಮರಿಗೆ, ಖರ್ಚಿಲ್ಲದ ಊಟ ಆಗ್ತದಂತ. ಐದು ತಿಂಗಳು ತಹೀತಿ ಸುಖ ಕಂಡವರಿಗೆ ಮತ್ತೆ ಹಡಗಿನ ಬೈಗುಳ ಬೇಡ ಆಯ್ತು, 1789 ಏಪ್ರಿಲ್ 28ಕ್ಕೆ ಫ್ಲೆಚರ್ ಕ್ರಿಶ್ಚಿಯನ್ ಅನ್ನುವವ ದಂಗೆ ಎಬ್ಬಿಸಿ ಬ್ಲೈಯನ್ನೂ 18 ಜನರನ್ನೂ 23 ಅಡಿ ದೋಣಿಗೆ ಇಳಿಸಿಬಿಟ್ಟ. ನಮ್ಮ ನಾಡದೋಣಿಯಷ್ಟು ಸಣ್ಣದು, ಅದ್ರಲ್ಲಿ ಆ ಮನುಷ್ಯ ಇಂಡೋನೇಷ್ಯಾ ಕಡೆಯ ಟಿಮೋರ್ ದ್ವೀಪ ಮುಟ್ಟಿದ! ಗಿಡ ಎಲ್ಲ ಸಮುದ್ರಕ್ಕೆ. ನನಗೆ ಅದೇ ಹೊಟ್ಟೆ ಉರಿ.

ಬರಿ ಕೇಳುವವಳು:
ಎಲ್ರೂ ಈ ಬ್ಲೈ ಕ್ರಿಶ್ಚಿಯನ್ ಜಗಳದಲ್ಲೇ ನಿಲ್ತಾರೆ. ದ್ವೀಪಕ್ಕೆ ಹೋದದ್ದು ದಂಗೆಯವರು ಒಂಬತ್ತೇ ಜನ, ಜೊತೆಗೆ ಪಾಲಿನೇಷ್ಯದ, ಅಂದ್ರೆ ತಹೀತಿ ಕಡೆಯ ದ್ವೀಪಗಳ ಆರು ಗಂಡಸರು, ಮತ್ತೆ ಅದಕ್ಕಿಂತ ಜಾಸ್ತಿ ಹೆಂಗಸರು, ಅವರಲ್ಲಿ ಸುಮಾರು ಜನರನ್ನು ಹಡಗಲ್ಲಿ ಇದ್ದಾಗಲೇ ಹಗ್ಗ ಕಡಿದು ಎತ್ತಿಕೊಂಡು ಹೋದದ್ದು. ಮ್ಯಾಪಲ್ಲಿ ಈ ದ್ವೀಪ ತಪ್ಪು ಜಾಗದಲ್ಲಿತ್ತು, ಅಡಗ್ಲಿಕ್ಕೆ ಇನ್ನೆಂತ ಬೇಕು, 1790 ಜನವರಿಯಲ್ಲಿ ಇಳಿದು ಹಡಗಿಗೇ ಬೆಂಕಿ ಕೊಟ್ರು. ಜಾಗ ಎಲ್ಲ ಬಿಳಿಯರು ಹಂಚಿಕೊಂಡ್ರು, ಉಳಿದ ಆರು ಜನ ಆಳುಗಳ ಹಾಗೆ. ಬಿಳಿಯರಲ್ಲಿ ಒಬ್ಬನ ಹೆಂಡತಿ ಸತ್ತಾಗ ಅವ ಆ ಆರು ಜನರ ಪೈಕಿ ಒಬ್ಬನ ಹೆಂಡತಿಯನ್ನು ಎಳ್ಕೊಂಡ, ಅಲ್ಲಿಂದ ಕೊಲೆ ಶುರು. 1793ರಲ್ಲಿ ಕ್ರಿಶ್ಚಿಯನ್ ಸೇರಿ ಐದು ದಂಗೆಕೋರರು ಹೋದ್ರು, ಆಮೇಲೆ ಆ ಪಾಲಿನೇಷ್ಯದ ಗಂಡಸರೂ ಒಬ್ಬ ಉಳೀಲಿಲ್ಲ. 1794ರಲ್ಲಿ ಹೆಂಗಸರು ದೋಣಿ ಕಟ್ಟಿ ತಪ್ಪಿಸ್ಕೊಳ್ಳಿಕ್ಕೆ ನೋಡಿದ್ರು, ಅದು ಮುಳುಗಿತು ಪಾಪ. 1808ಕ್ಕೆ ಅಮೆರಿಕದ ಟೋಪಾಜ್ ಹಡಗು ಹೋಗುವಾಗ ಬಂದವರಲ್ಲಿ ಉಳಿದಿದ್ದ ಗಂಡಸು ಜಾನ್ ಆಡಮ್ಸ್ ಒಬ್ಬನೇ, ಬಾಕಿ ಹೆಂಗಸರು ಮಕ್ಕಳು. ಅಡುಗೆ, ಮರದ ತೊಗಟೆ ಬಡಿದು ಬಟ್ಟೆ ಮಾಡುವುದು, ಅರ್ಧ ಭಾಷೆ ಎಲ್ಲ ಆ ತಾಯಂದಿರದ್ದು. ಆದ್ರೆ ಸರ್‌ನೇಮ್ ನೋಡಿ, ಕ್ರಿಶ್ಚಿಯನ್, ಯಂಗ್. ತಾಯಿ ಕಡೆಯಿಂದ ಕುಲ ನಡೆಯುವ ನಮ್ಮ ಅಳಿಯಸಂತಾನ ಆಗಿದ್ರೆ ಮಕ್ಕಳಿಗೆ ತಾಯಿಯ ಬರಿ (ಕುಲದ ಹೆಸರು), ಮವಾತುವಾ, ತೆರೌರಾ ಅಂತ ಆ ಹೆಂಗಸರ ಹೆಸರಲ್ಲೇ ಮನೆತನ ನಡೀತಿತ್ತು.

ಕಾಪು ಬೀಚ್ ಹುಡುಗ:
ಅಬ್ಬ. ಇದು ಗೊತ್ತೇ ಇರ್ಲಿಲ್ಲ ಅಕ್ಕ. ಈಗ ಅಲ್ಲಿಗೆ ಹೋಗುವುದು ಹೇಗೆ?

ಬಂದರು ಮಾಮ:
ಏರ್‌ಪೋರ್ಟ್ ಇಲ್ಲ. ಫ್ರೆಂಚ್ ಪಾಲಿನೇಷ್ಯದ ಮಂಗರೇವಾ ದ್ವೀಪದ ತನಕ ವಿಮಾನ, ಅಲ್ಲಿಂದ ಹಡಗು, ದೊಡ್ಡ ಹಡಗಿಗೆ ದಕ್ಕೆ ಇಲ್ಲ, ಊರಿನವರೇ ಲಾಂಗ್‌ಬೋಟ್ ತಂದು ಬೌಂಟಿ ಬೇ ಅನ್ನುವ ಕೊಲ್ಲಿಯಲ್ಲಿ ಇಳಿಸ್ತಾರೆ. ಮಳೆಗಾಲದ ಅಳಿವೆ ನೋಡಿದವರಿಗೆ ಹೇಳ್ಬೇಕಾ ಅದು ಎಂತ ಕೆಲಸ ಅಂತ. 1856ರಲ್ಲಿ ಜಾಗ ಸಾಲದೆ 194 ಜನ ಇಡೀ ಊರೇ ನಾರ್ಫೋಕ್ ದ್ವೀಪಕ್ಕೆ ಹೋಗಿತ್ತು, ಮೂರು ವರ್ಷದಲ್ಲಿ ಎರಡು ಸಂಸಾರ ವಾಪಸ್ ಬಂತು, ಊರು ಬಿಟ್ಟು ಇರ್ಲಿಕ್ಕೆ ಆಗ್ಬೇಕಲ್ಲ.
ಇನ್ನೊಂದು, ಕ್ರಿಶ್ಚಿಯನ್ ಮತ್ತೆ ಮವಾತುವಾ ಮಗನ ಹೆಸರು ಥರ್ಸ್‌ಡೇ ಅಕ್ಟೋಬರ್, ಹುಟ್ಟಿದ ವಾರ ತಿಂಗಳು ನೋಡಿ ಇಟ್ಟದ್ದು. ನಮ್ಮಲ್ಲಿ ಹಿಂದೆ ಐತ, ಅಂಗಾರ, ಗುರುವ, ತನಿಯ ಅಂತ ಇಡ್ತಿರ್ಲಿಲ್ವಾ, ಹಾಗೆ. ಆದ್ರೆ ಪೂರ್ವಕ್ಕೆ ಬಂದ ಹಡಗಿನ ಲೆಕ್ಕದಲ್ಲಿ ವಾರ ಒಂದು ದಿನ ತಪ್ಪಿದೆ ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಕಾಲ ಅವನನ್ನು ಫ್ರೈಡೇ ಅಂತ ಕರೆದ್ರು.

ಕಾಪು ಬೀಚ್ ಹುಡುಗ:
ಹಹ್ಹಹ್ಹ ಗುರುವ ಹೋಗಿ ತುಕ್ರ ಆದದ್ದಾ!