ಎಂಟು ಬಿಗಿ, ಒಂಬತ್ತು ಸಡಿಲ: ಚರ್ಮದ ಬೂಟಿನ ಅಳತೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಕೆಂಧೂಳು (ಸಂಡೂರು):

ಎಲ್ಲರಿಗೂ ನಮಸ್ಕಾರ. ಸಂಡೂರು ತಾಲ್ಲೂಕಿನ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ನಾನು ಸರ್ವೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ದಿನಕ್ಕೆ ಆರೇಳು ಗಂಟೆ ಗುಡ್ಡ ಹತ್ತಿ ಇಳಿಯುವ ಕೆಲಸವಾದ್ದರಿಂದ, ಅಲ್ಲಿಯವರೆಗೆ ಚಪ್ಪಲಿ ಮತ್ತು ಕ್ಯಾನ್ವಾಸ್ ಷೂಗಳನ್ನಷ್ಟೇ ಮೆಟ್ಟಿದ್ದ ನಾನು ಮೊದಲ ಸಂಬಳದಲ್ಲಿ ಬಳ್ಳಾರಿಗೆ ಹೋಗಿ, ಕಣಕಾಲು ಮುಚ್ಚುವ ಚರ್ಮದ ಬೂಟುಗಳನ್ನು 8ನೇ ಅಳತೆಯಲ್ಲಿ ಕೊಂಡೆ. ಅಂಗಡಿಯಲ್ಲೇ ಎರಡೂ ಪಕ್ಕ ಒತ್ತುತ್ತಿತ್ತು. "ಚರ್ಮವಲ್ಲವೇ, ಹದಿನೈದು ದಿನದಲ್ಲಿ ತಾನಾಗಿ ಬಿಡುತ್ತದೆ" ಎಂದರು. ಪಕ್ಕದ ಬಿಗಿ ಸ್ವಲ್ಪ ಬಿಟ್ಟಿತು ನಿಜ, ಆದರೆ ಇಳಿಜಾರಿನಲ್ಲಿ ಹೆಬ್ಬೆರಳು ಮುಂದಕ್ಕೆ ಹೋಗಿ ಬಡಿಯುವುದು ನಿಲ್ಲಲಿಲ್ಲ. ಒಂದು ತಿಂಗಳಲ್ಲಿ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಯಿತು.

ಬೇಸರವಾಗಿ ಬೇರೊಂದು ಅಂಗಡಿಯಲ್ಲಿ 9ನೇ ಅಳತೆಯ ಜೋಡಿಯನ್ನು ತಂದೆ. ಈಗ ಬೆರಳಿಗೆ ಜಾಗವಿದೆ, ಆದರೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೇಳುತ್ತದೆ, ಹಿಂದೆ ಗುಳ್ಳೆಯೆದ್ದಿದೆ, ಮೇಲಿನ ಚರ್ಮ ಮಡಚುವಾಗ ಆ ಮಡಿಕೆ ಬೆರಳುಗಳ ಮೇಲೆಯೇ ಬಂದು ಕಚ್ಚುತ್ತದೆ. ವಿಚಿತ್ರವೆಂದರೆ ಇಳಿಯುವಾಗ ಇದರಲ್ಲಿಯೂ ಒಮ್ಮೊಮ್ಮೆ ಬೆರಳು ಬಡಿಯುತ್ತದೆ. ಇದಲ್ಲದೆ ಮುಂದಿನ ವಾರ ಗಣಿಯ ಸ್ಟೋರಿಗೆ ಬೆರಳುಗಳ ಮೇಲೆ ಉಕ್ಕಿನ ಟೋಪಿಯಿರುವ ಸುರಕ್ಷತಾ ಷೂಗಳಿಗಾಗಿ ಅಳತೆಯ ಸಂಖ್ಯೆಯನ್ನು ಬರೆದುಕೊಡಬೇಕಾಗಿದೆ. ನನ್ನ ಪಾದ ಎಂಟೋ ಒಂಬತ್ತೋ ಎಂಬುದನ್ನು ತೀರ್ಮಾನಿಸುವುದು ಹೇಗೆ? ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡುವಾಗ ಏನನ್ನು ಗಮನಿಸಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೆಯ ಮಳಿಗೆಯವನು (ರಾಯಚೂರು):

ತಮ್ಮಾ, ಷೂ ಮಾರುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದವನು ನಾನು. ಆದ್ದರಿಂದ ಮೊದಲು ನಮ್ಮವರ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. "ಚರ್ಮ ಬಿಡುತ್ತದೆ" ಎಂಬುದು ಅರ್ಧ ನಿಜ. ಮಾರಾಟಕ್ಕೆ ಅನುಕೂಲವಾದ ಅರ್ಧವನ್ನು ಮಾತ್ರ ನಾವು ಹೇಳುತ್ತೇವೆ. ಚರ್ಮ ಅಗಲಕ್ಕೆ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಮೂತಿಯ ಒಳಗೂ ಹಿಮ್ಮಡಿಯ ಸುತ್ತಲೂ ಗಟ್ಟಿಯಾದ ಪಟ್ಟಿಗಳನ್ನು ಇಟ್ಟಿರುತ್ತಾರೆ, ಕೆಳಗೆ ಅಟ್ಟೆಯ ಉದ್ದವಂತೂ ಬದಲಾಗುವಂಥದ್ದಲ್ಲ. ಆದ್ದರಿಂದ ಬೆರಳು ಮುಂದೆ ತಾಗುವ ಬೂಟು ಇನ್ನೂ ಎರಡು ವರ್ಷ ಹಾಕಿದರೂ ತಾಗುತ್ತಲೇ ಇರುತ್ತದೆ.

ಎರಡನೆಯ ಮಾತು ಸಂಖ್ಯೆಯ ಬಗ್ಗೆ. ನೀವು "ನನ್ನ ಪಾದ ಎಂಟೋ ಒಂಬತ್ತೋ" ಎಂದು ಕೇಳಿದ್ದೀರಿ, ಆದರೆ 8 ಎಂಬುದು ಪಾದದ ಅಳತೆಯೇ ಅಲ್ಲ. ಬೂಟನ್ನು ಯಾವ ಅಚ್ಚಿನ ಮೇಲೆ ಎಳೆದು ಹೊಲಿದರೋ ಆ ಅಚ್ಚಿನ ಅಳತೆ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ ಅಂಗುಲದ ಮೂರನೆಯ ಒಂದು ಭಾಗ, ಎಂದರೆ ಸುಮಾರು 8.5 ಮಿ.ಮೀ. ದೊಡ್ಡವರ 8ನೇ ಅಳತೆಯ ಅಚ್ಚು 11 ಅಂಗುಲ ಉದ್ದವಿರುತ್ತದೆ, ಸುಮಾರು 27.9 ಸೆಂ.ಮೀ. ಅದರೊಳಗೆ ಬೆರಳುಗಳು ಮುಂದೆ ಚಾಚಲು ಒಂದು ಸೆಂ.ಮೀ. ಮೇಲ್ಪಟ್ಟು ಜಾಗವನ್ನು ಕಳೆದರೆ ಉಳಿಯುವುದೇ ಪಾದಕ್ಕೆ ಸಲ್ಲುವ ಉದ್ದ. ಅಚ್ಚಿನ ಮೂತಿ ಚೂಪಾಗಿದ್ದರೆ ಆ ಜಾಗದಲ್ಲಿ ಬಹುಪಾಲು ಲೆಕ್ಕಕ್ಕಿದ್ದರೂ ಬಳಕೆಗೆ ಬರುವುದಿಲ್ಲ. ಹಾಗಾಗಿ ಒಬ್ಬ ತಯಾರಕರ 8 ಸರಿಯಾಗಿ ಕೂತು, ಇನ್ನೊಬ್ಬರ 8 ಕಾಲನ್ನು ಕೊಲ್ಲಬಹುದು. ಪೆಟ್ಟಿಗೆಯ ಮೇಲೆ ಪಕ್ಕದಲ್ಲೇ ಅಚ್ಚಾಗಿರುವ ಯುರೋಪಿನ 42, 43 ಎಂಬ ಸಂಖ್ಯೆಗಳಲ್ಲಿ ಒಂದೊಂದರ ಅಂತರ 6.67 ಮಿ.ಮೀ. ಆದ್ದರಿಂದ ಎರಡು ಪದ್ಧತಿಗಳ ಮೆಟ್ಟಿಲುಗಳು ಒಂದಕ್ಕೊಂದು ಸರಿಯಾಗಿ ಕೂಡುವುದೇ ಇಲ್ಲ.

ಇನ್ನು ನಿಮ್ಮ ತೊಂದರೆಯ ಮೂಲಕ್ಕೆ ಬರುತ್ತೇನೆ. ಬೂಟಿನ ಅಟ್ಟೆ ಎಲ್ಲೆಂದರಲ್ಲಿ ಮಡಚುವುದಿಲ್ಲ. ಹೆಬ್ಬೆರಳಿನ ಬುಡದ ಗೆಣ್ಣು ಮತ್ತು ಕಿರುಬೆರಳಿನ ಬುಡದ ಗೆಣ್ಣು ಎಲ್ಲಿ ಬರಬೇಕೋ ಅಲ್ಲಿ ಅದರ ಅತಿ ಅಗಲವಾದ ಜಾಗವಿರುತ್ತದೆ, ಅಲ್ಲಿಯೇ ಅದು ಮಡಚುತ್ತದೆ. ನಿಮ್ಮ ಗೆಣ್ಣು ಆ ಗೆರೆಯ ಮೇಲೆ ಕೂತರೆ ಬೂಟು ಸರಿ. ನೀವು 9ಕ್ಕೆ ಹೋದಾಗ ಬೂಟಿನ ಮಡಿಕೆ ನಿಮ್ಮ ಗೆಣ್ಣಿಗಿಂತ ಮುಂದೆ ಹೋಯಿತು; ಚರ್ಮ ಬೆರಳುಗಳ ಮೇಲೆ ಮಡಚಿ ಕಚ್ಚುತ್ತಿರುವುದಕ್ಕೂ, ಪಾದ ಒಂದು ಕಡೆ ಬಾಗಿ ಅಟ್ಟೆ ಇನ್ನೊಂದು ಕಡೆ ಬಾಗುವುದರಿಂದ ಹಿಮ್ಮಡಿ ಎದ್ದೇಳುತ್ತಿರುವುದಕ್ಕೂ ಇದೊಂದೇ ಕಾರಣ. ಬೆರಳಿನ ತುದಿಯನ್ನು ಒತ್ತಿ ನೋಡಿ "ಜಾಗ ಇದೆ" ಎನ್ನುವುದು ನಮ್ಮ ಅಂಗಡಿಗಳ ವಾಡಿಕೆ, ಆದರೆ ನಾನು ಮೊದಲು ನೋಡುತ್ತಿದ್ದುದು ಗೆಣ್ಣನ್ನು, ತುದಿಯನ್ನು ಆಮೇಲೆ. ಹೆಬ್ಬೆರಳು ಗಿಡ್ಡವಾಗಿದ್ದು ಹಿಮ್ಮಡಿಯಿಂದ ಗೆಣ್ಣಿನವರೆಗಿನ ಭಾಗ ಉದ್ದವಾಗಿರುವ ಪಾದಗಳೂ ಇವೆ. ಅಂಥವರು ಒಟ್ಟು ಉದ್ದಕ್ಕಿಂತ ಅರ್ಧ ಸಂಖ್ಯೆ ಹೆಚ್ಚಿನದನ್ನು ತೆಗೆದುಕೊಳ್ಳಬೇಕಾಗಬಹುದು. ಅಮೆರಿಕದ ಬ್ರ್ಯಾನಕ್ ಎಂಬವರು ರೂಪಿಸಿದ, ದೊಡ್ಡ ಮಳಿಗೆಗಳಲ್ಲಿ ಕಾಣುವ ಲೋಹದ ಅಳತೆಯ ತಟ್ಟೆಯಲ್ಲಿ ಪಕ್ಕಕ್ಕೆ ಒಂದು ಜಾರುವ ಗುಬ್ಬಿ ಇರುತ್ತದಲ್ಲ, ಅದು ಇರುವುದೇ ಈ ಗೆಣ್ಣಿನ ಉದ್ದವನ್ನು ಅಳೆಯಲು. ಅದನ್ನು ಮುಟ್ಟುವ ಹುಡುಗರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ.

ನಿಮ್ಮ ಬರಹವನ್ನು ಓದಿದರೆ ನಿಮಗೆ ಬೇಕಾಗಿರುವುದು ಹೆಚ್ಚು ಉದ್ದವಲ್ಲ, ಹೆಚ್ಚು ಅಗಲ ಎಂದು ನನಗೆ ತೋರುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಅಗಲವನ್ನು ಎಫ್, ಜಿ, ಎಚ್ ಎಂಬ ಅಕ್ಷರಗಳಲ್ಲಿ ಸೂಚಿಸುತ್ತಾರೆ, ಮುಂದಿನ ಅಕ್ಷರ ಹೆಚ್ಚು ಅಗಲ. ಅಕ್ಷರ ಬರೆದಿರದಿದ್ದರೆ ಗುಂಡು ಮೂತಿಯ ಬೂಟನ್ನು ಹುಡುಕಿ. ಅಳೆಯುವುದು ಹೀಗೆ: ಸಂಜೆ ಕೆಲಸ ಮುಗಿದ ಮೇಲೆ, ಬೂಟಿನೊಳಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ಎರಡೂ ಕಾಲಿಗೆ ಸಮನಾಗಿ ಭಾರ ಬಿಟ್ಟು ನಿಂತು, ಇನ್ನೊಬ್ಬರ ಕೈಯಲ್ಲಿ ಪೆನ್ಸಿಲನ್ನು ನೆಟ್ಟಗೆ ಹಿಡಿಸಿ ಗೆರೆ ಎಳೆಸಿ. ನೀವೇ ಬಾಗಿ ಎಳೆದುಕೊಂಡರೆ ಭಾರ ವಾಲಿ ಅಳತೆ ತಪ್ಪುತ್ತದೆ. ಬೆಳಿಗ್ಗೆಗಿಂತ ಸಂಜೆ ಪಾದ ಉಬ್ಬಿರುತ್ತದೆ, ನಮ್ಮ ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಎರಡೂ ಪಾದಗಳನ್ನು ಅಳೆದು ದೊಡ್ಡದಕ್ಕೆ ತಕ್ಕಂತೆ ಕೊಳ್ಳಿ. ಎರಡೂ ಒಂದೇ ಇರುವವರು ಅಪರೂಪ.

ಅಂಗಡಿಯಲ್ಲಿ ಲೇಸು ಕಟ್ಟುವ ಮೊದಲು ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುತ್ತದೆಯೇ ನೋಡಿ. ಆಮೇಲೆ ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ ಲೇಸು ಕಟ್ಟಿ, ಲೇಸಿನ ಎರಡು ಪಟ್ಟಿಗಳ ನಡುವೆ ಎಷ್ಟು ಅಂತರ ಉಳಿಯಿತು ಎಂದು ಗಮನಿಸಿ. ಒಂದರಿಂದ ಒಂದೂವರೆ ಬೆರಳಿನ ಅಂತರ ಒಳ್ಳೆಯದು. ಪಟ್ಟಿಗಳು ಒಂದನ್ನೊಂದು ಮುಟ್ಟಿದರೆ ಬೂಟಿನ ಹೊಟ್ಟೆ ನಿಮ್ಮ ಪಾದಕ್ಕಿಂತ ದೊಡ್ಡದು, ಮುಂದೆ ಚರ್ಮ ಬಿಟ್ಟಾಗ ಬಿಗಿಯಲು ಎಡೆಯೇ ಇರುವುದಿಲ್ಲ. ಒಳಹಾಸನ್ನು ಹೊರಗೆ ತೆಗೆಯಲು ಬಂದರೆ ಅದರ ಮೇಲೆ ನಿಂತು ನೋಡಿ. ಪಾದ ಅಂಚಿನಿಂದ ಹೊರಗೆ ಚೆಲ್ಲಿದರೆ ಆ ಬೂಟನ್ನು ಅಲ್ಲಿಯೇ ಬಿಟ್ಟು ಬನ್ನಿ. ದಪ್ಪ ಅಟ್ಟೆಯ ಹೊಸ ಬೂಟಿನಲ್ಲಿ ಹಿಮ್ಮಡಿ ಐದಾರು ಮಿ.ಮೀ. ಏಳುವುದು ಸಹಜ, ಅಟ್ಟೆ ಬಾಗಲು ಕಲಿತ ಮೇಲೆ ಅದು ತಗ್ಗುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾಯುವುದರಲ್ಲಿ ಅರ್ಥವಿಲ್ಲ.

ಎರಡನೇ ಪಾಳಿ (ತೋರಣಗಲ್ಲು):

ರಾಯಚೂರಿನ ಹಿರಿಯರ ಮಾತಿಗೆ ಸುರಕ್ಷತಾ ಷೂಗಳ ವಿಷಯವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಇಂಥ ಷೂಗಳ ಭಾರತೀಯ ಮಾನಕವಾದ ಐಎಸ್ 15298ರ ಎರಡನೆಯ ಭಾಗದ ಪ್ರಕಾರ ಮುಂದಿನ ಟೋಪಿ 200 ಜೂಲ್‌ನ ಹೊಡೆತವನ್ನು, ಎಂದರೆ 20 ಕೆ.ಜಿ. ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟನ್ನು, ತಾಳಬೇಕು. ಅಷ್ಟು ತಾಳುವ ಉಕ್ಕು ನಿಮ್ಮ ಕಿರುಬೆರಳಿಗಾಗಿ ಒಂದು ಕೂದಲಿನಷ್ಟೂ ಬಿಡುವುದಿಲ್ಲ. ಮೇಲಿನಿಂದ ಒತ್ತಿ ಬೆರಳು ಎಲ್ಲಿದೆ ಎಂದು ನೋಡಲೂ ಬರುವುದಿಲ್ಲ. ಆದ್ದರಿಂದ ಹಾಕಿಕೊಂಡು ಮೊಣಕಾಲೂರಿ ಕುಳಿತು ನೋಡಿ. ಟೋಪಿಯ ಹಿಂದಿನ ಅಂಚು ಬೆರಳುಗಳ ಮೇಲೆ ಕೊರೆದರೆ ಆ ಷೂ ನಿಮ್ಮದಲ್ಲ.

ನಿಮ್ಮ ಉಗುರು ಕಪ್ಪಾಗಲು ಲೇಸೂ ಕಾರಣವಿರಬಹುದು. ಪಾದ ಮುಂದಕ್ಕೆ ಜಾರದಂತೆ ತಡೆಯುವುದು ಬೂಟಿನ ಮೂತಿಯಲ್ಲ, ಪಾದದ ಮೇಲುಬ್ಬನ್ನು ಹಿಡಿಯುವ ಲೇಸು. ಲೇಸು ಸಡಿಲವಿದ್ದರೆ ಹತ್ತನೇ ಅಳತೆಯಲ್ಲಿಯೂ ಬೆರಳು ಬಡಿಯುತ್ತದೆ. ನಿಮ್ಮ 9ರಲ್ಲಿ ಆಗುತ್ತಿರುವುದು ಇದೇ. ಇಳಿಯುವ ಮೊದಲು ಬೆರಳಿನ ಕಡೆ ಸಡಿಲ ಬಿಟ್ಟು, ಕಣಕಾಲು ಬಾಗುವಲ್ಲಿ ಲೇಸನ್ನು ಎರಡು ಸುತ್ತು ತಿರುಚಿ ಬಿಗಿದು ನೋಡಿ. ಅಂಗಡಿಯ ನುಣುಪಾದ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಇದು ತಿಳಿಯುವುದಿಲ್ಲ, ಮೆಟ್ಟಿಲು ಇಳಿದು ನೋಡಬೇಕು.

ಅಗಲದ ವಿಷಯದಲ್ಲಿ ತಪ್ಪು ನಿಮ್ಮ ಪಾದದ್ದಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪಿನವರಿಗಿಂತ ಅಗಲ ಎಂದು ಕಂಡುಕೊಂಡು, "ಭಾ" ಎಂಬ ನಮ್ಮದೇ ಅಳತೆಯ ಪದ್ಧತಿಯನ್ನು ಸೂಚಿಸಿದ್ದಾರೆ.

ಎರೆಮಣ್ಣು (ಸಿಂಧನೂರು):

ಇಷ್ಟೆಲ್ಲ ಲೆಕ್ಕ ಏಕೆ ಬೇಕು? ನಮ್ಮ ಮನೆಯಲ್ಲಿ ಮೊದಲಿನಿಂದಲೂ ಒಂದು ಅಳತೆ ದೊಡ್ಡದನ್ನು ತಂದು, ದಪ್ಪನೆಯ ಕಾಲುಚೀಲಗಳನ್ನು ಎರಡೆರಡು ಹಾಕುತ್ತೇವೆ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಸಿಕ್ಕಿಕೊಂಡಾಗ ಕಾಲನ್ನು ಹೊರಗೆ ಎಳೆಯಲೂ ಸುಲಭ. ಯಾರಿಗೂ ಉಗುರು ಕಪ್ಪಾಗಿಲ್ಲ.

ಹಳೆಯ ಮಳಿಗೆಯವನು (ರಾಯಚೂರು):

ಗದ್ದೆಗೆ ಹೋಗುವ ರಬ್ಬರ್ ಗಂಬೂಟಿಗೆ ನಿಮ್ಮ ಮಾತು ಸರಿ, ಸಿಂಧನೂರಿನವರೇ. ಅದರಲ್ಲಿ ಲೇಸಿಲ್ಲ, ಚರ್ಮದ ಬೂಟಿನಂತೆ ಪಾದವನ್ನು ಅಪ್ಪಿ ಹಿಡಿಯುವುದೂ ಅದರ ಕೆಲಸವಲ್ಲ. ಚರ್ಮದ ಬೂಟಿನಲ್ಲಿ ಕಾಲುಚೀಲ ತುಂಬಿಸಿದರೆ ಸಡಿಲವೇನೋ ತುಂಬುತ್ತದೆ, ಆದರೆ ಮಡಚುವ ಗೆರೆ ಹಿಂದಕ್ಕೆ ಬರುವುದಿಲ್ಲ. ಅಲ್ಲದೆ ನಮ್ಮ ಬಿಸಿಲಿಗೆ ಎರಡು ಚೀಲಗಳಲ್ಲಿ ಪಾದ ಬೆವರಿ ಮೆತ್ತಗಾಗುತ್ತದೆ, ಮೆತ್ತಗಾದ ಚರ್ಮಕ್ಕೆ ಗುಳ್ಳೆ ಬೇಗ ಏಳುತ್ತದೆ. ಬಹಳ ಸ್ವಲ್ಪ ಸಡಿಲವಿದ್ದಾಗ ಒಳಗೆ ತೆಳುವಾದ ಇನ್ನೊಂದು ಒಳಹಾಸು ಹಾಕುವುದನ್ನು ನಾನು ಒಪ್ಪುತ್ತೇನೆ.

ಕೊಪ್ಪಳದ ಮಗಳು (ಕೊಪ್ಪಳ):

ಪ್ರಶ್ನೆ ಕೇಳಿದವರು ಯುವಕರೆಂದು ತೋರುತ್ತದೆ, ಆದರೆ ಇದನ್ನು ಓದುವವರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿರಬಹುದು. ನಮ್ಮ ಅಪ್ಪಾಜಿಯವರಿಗೆ ಹದಿನೆಂಟು ವರ್ಷಗಳಿಂದ ಮಧುಮೇಹವಿದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆ. ಅಂಗಡಿಯಲ್ಲಿ ಯಾವುದನ್ನು ಹಾಕಿದರೂ "ಆರಾಮಾಗಿದೆ" ಎನ್ನುತ್ತಿದ್ದರು. ಆ ಆರಾಮವನ್ನು ನಂಬಿ ತಂದ ಷೂವಿನಿಂದ ಕಿರುಬೆರಳಿನ ಪಕ್ಕದಲ್ಲಿ ಆದ ಗಾಯವನ್ನು ಅವರು ನೋವಿನಿಂದಲ್ಲ, ಕಾಲುಚೀಲದ ಮೇಲಿನ ಕಲೆಯಿಂದ ತಿಳಿದರು. ಮಾಯಲು ಎರಡು ತಿಂಗಳು ಬೇಕಾಯಿತು. ಈಗ ಅವರ ಪಾದದ ಗೆರೆ ಎಳೆದ ರಟ್ಟನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಹೋಗುತ್ತೇವೆ. ಆ ರಟ್ಟು ಷೂವಿನೊಳಗೆ ಅಂಚು ಮಡಚದೆ ಚಪ್ಪಟೆಯಾಗಿ ಕೂತರೆ ಮಾತ್ರ ಮುಂದಿನ ಮಾತು. ಮನೆಗೆ ತಂದ ಮೇಲೆ ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿಸಿ, ತೆಗೆದು, ಎಲ್ಲಿಯಾದರೂ ಕೆಂಪಾಗಿದೆಯೇ ಎಂದು ನಾನೇ ನೋಡುತ್ತೇನೆ. ಸ್ಪರ್ಶವಿಲ್ಲದ ಪಾದಕ್ಕೆ ಷೂವನ್ನು ವೈದ್ಯರಿಗೆ ತೋರಿಸಿಯೇ ಕೊಳ್ಳುವುದು ಉತ್ತಮ.

ಕೆಂಧೂಳು (ಸಂಡೂರು):

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹಿರಿಯರು ಹೇಳಿದಂತೆ ಸಂಜೆ ನಿಂತು ತಮ್ಮನಿಂದ ಗೆರೆ ಎಳೆಸಿದೆ. ಬಲಗಾಲು 264 ಮಿ.ಮೀ., ಎಡಗಾಲು 268. ಕಪ್ಪಾದ ಉಗುರು ಎಡಗಾಲಿನದೇ ಎಂಬುದನ್ನು ಆಗ ಗಮನಿಸಿದೆ. ಹಳೆಯ 8ರ ಒಳಹಾಸನ್ನು ತೆಗೆದು ಅದರ ಮೇಲೆ ನಿಂತಾಗ ಕಿರುಬೆರಳು ಪೂರ್ತಿಯಾಗಿ ಅಂಚಿನಿಂದ ಹೊರಗಿತ್ತು. ಅಷ್ಟು ಕಿರಿದಾದ ಬೂಟಿನಲ್ಲಿ ತಿಂಗಳುಗಟ್ಟಲೆ ಗುಡ್ಡ ಹತ್ತಿದ್ದೆನೇ ಎಂದು ನನಗೇ ನಗು ಬಂತು.

ಭಾನುವಾರ ಸಂಜೆ ಬಳ್ಳಾರಿಯಲ್ಲಿ ಮೂರು ಅಂಗಡಿ ತಿರುಗಿದೆ. ಎಂಟೂವರೆ ಎಲ್ಲಿಯೂ ಸಿಗಲಿಲ್ಲ. ಕೊನೆಯ ಅಂಗಡಿಯಲ್ಲಿ ಗುಂಡು ಮೂತಿಯ, ಅಗಲವಾದ 8ನೇ ಅಳತೆಯ ಬೂಟು ಸಿಕ್ಕಿತು. ಲೇಸಿನ ಪಟ್ಟಿಗಳ ನಡುವೆ ಒಂದು ಬೆರಳಿನ ಅಂತರ ಉಳಿಯಿತು, ಮಡಿಕೆ ಗೆಣ್ಣಿನ ಮೇಲೆಯೇ ಬಂತು. ಮಹಡಿಯ ಮೆಟ್ಟಿಲುಗಳನ್ನು ನಾಲ್ಕು ಸಲ ಹತ್ತಿ ಇಳಿದದ್ದನ್ನು ಕಂಡು ಅಂಗಡಿಯವರು ಗಾಬರಿಯಾದರು, ಆದರೆ ತಡೆಯಲಿಲ್ಲ. ಈಗ ಐದು ದಿನ ಗಣಿಯಲ್ಲಿ ಹಾಕಿದ್ದೇನೆ, ಬೆರಳು ಒಮ್ಮೆಯೂ ಬಡಿದಿಲ್ಲ. ಬಲಗಾಲಿನ ಹಿಮ್ಮಡಿ ಸ್ವಲ್ಪ ಏಳುತ್ತದೆ, ಆ ಕಾಲಿಗೆ ಮಾತ್ರ ತೆಳುವಾದ ಒಳಹಾಸನ್ನು ಸೇರಿಸಿದ್ದೇನೆ.

ಸ್ಟೋರಿನ ಕಾಗದದಲ್ಲಿ 8 ಎಂದು ಬರೆದು, ಪಕ್ಕದಲ್ಲಿ "ಪಾದ 268 ಮಿ.ಮೀ., ಅಗಲದ ಅಚ್ಚು" ಎಂದೂ ಬರೆದುಕೊಟ್ಟೆ. ಇದನ್ನು ಬರೆಯಲು ಅಂಕಣವಿಲ್ಲ ಎಂದು ಗುಮಾಸ್ತರು ಗೊಣಗಿದರೂ ಕಾಗದವನ್ನು ತೆಗೆದುಕೊಂಡಿದ್ದಾರೆ. ಹಳೆಯ 8ರ ಜೋಡಿಯನ್ನು ಅಂಗಡಿಯವರು ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ. ಸಂಡೂರು, ಹೊಸಪೇಟೆಯ ಕಡೆ ಯಾರಿಗಾದರೂ 260 ಮಿ.ಮೀ. ಒಳಗಿನ, ಕಿರಿದಾದ ಪಾದವಿದ್ದರೆ ತಿಳಿಸಿ. ಪಾಲಿಶ್ ಮಾಡಿ ಇಟ್ಟಿದ್ದೇನೆ.